ಅಳು ನಿಂತರೆ ನೀಲಿ

ಕೂಸು ಚೀರಿ ಅಳುವಾಗ ಮೈ ಕೆಂಪು, ಸುಮ್ಮನಾದರೆ ತುಟಿ ನೀಲಿ. ಮೊಲೆಗೆ ಹಚ್ಚಿದರಂತೂ ಎರಡು ಗುಟುಕಿಗೇ ಏದುಸಿರು. ಮೂಗಿನ ಹಿಂಬದಿಯ ದಾರಿ ಎರಡೂ ಕಡೆ ಮುಚ್ಚಿ ಹುಟ್ಟಿದ ಕೂಸಿನ ಲಕ್ಷಣ ಇದು. ‘ಅಳ್ತೈತಿ, ಹಾಲು ಕುಡಸ್ರಿ’ ಅನ್ನುವುದು ನಮ್ಮೂರ ಮೊದಲ ಮಾತು. ಈ ಕೂಸಿಗೆ ಅಳುವೇ ಉಸಿರು, ಹಾಲೇ ಕುತ್ತು.

ಬಾಯಿ ಇದೆಯಲ್ಲ, ಅದರಿಂದ ಯಾಕೆ ಉಸಿರಾಡುವುದಿಲ್ಲ? ಹಸುಗೂಸಿನ ಧ್ವನಿಪೆಟ್ಟಿಗೆ ಗಂಟಲಲ್ಲಿ ತೀರಾ ಮೇಲಿರುತ್ತದೆ. ಹಾಲು ಕುಡಿಯುತ್ತಲೇ ಮೂಗಿನಿಂದ ಉಸಿರಾಡಲೆಂದು ಆ ಏರ್ಪಾಡು. ಬಾಯಿಯಿಂದ ಉಸಿರಾಡುವುದು ರೂಢಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ತಡೆಯುವಂತಿಲ್ಲ.

ಗರ್ಭದ ಮೊದಲ ಎರಡು ತಿಂಗಳಲ್ಲೇ ಹರಿಯಬೇಕಾದ ತೆಳುಪೊರೆ ಹರಿಯದೆ ಉಳಿದದ್ದೇ ಕಾರಣ ಎಂಬುದು ಹಳೆಯ ವಿವರಣೆ. ಹಾಗಿದ್ದರೆ ಬಹಳಷ್ಟು ಕೂಸುಗಳಲ್ಲಿ ಅಡ್ಡ ನಿಂತಿರುವುದು ಎಲುಬು ಯಾಕೆ? ಸ್ಪಷ್ಟ ಉತ್ತರ ವೈದ್ಯರಲ್ಲೂ ಇಲ್ಲ. ಜರ್ಮನಿಯ ವೈದ್ಯ ರೋಡರರ್ 1755ರಲ್ಲೇ ಈ ಹುಟ್ಟುದೋಷವನ್ನು ಬರೆದಿಟ್ಟ. ಐದರಿಂದ ಎಂಟು ಸಾವಿರ ಹೆರಿಗೆಗೆ ಒಂದು ಎಂಬ ಅಂದಾಜಿದೆ, ಹೆಣ್ಣುಕೂಸುಗಳಲ್ಲಿ ಹೆಚ್ಚು.

ಪತ್ತೆಗೆ ದೊಡ್ಡ ಯಂತ್ರ ಬೇಡ. ಹೆರಿಗೆ ಕೋಣೆಯಲ್ಲಿರುವ ತೆಳು ರಬ್ಬರ್ ನಳಿಕೆಯನ್ನು ಒಂದೊಂದೇ ಹೊಳ್ಳೆಗೆ ಬಿಡಬೇಕು. ಮೂರು ಮೂರೂವರೆ ಸೆಂಟಿಮೀಟರ್ ಒಳಗೆ ಗೋಡೆಗೆ ತಾಗಿದಂತೆ ನಿಂತರೆ ಸಂಶಯ ಬಲವಾಯಿತು. ತಣ್ಣನೆ ಸ್ಟೀಲ್ ಚಮಚ ಹೊಳ್ಳೆಯ ಕೆಳಗೆ ಹಿಡಿದರೆ ಮಂಜು ಕೂಡುವುದಿಲ್ಲ. ಖಚಿತಕ್ಕೆ ಸಿಟಿ ಸ್ಕ್ಯಾನ್. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ತಾಲ್ಲೂಕು ಆಸ್ಪತ್ರೆಯಲ್ಲಿ ಬಾಯಿಗೆ ಉಸಿರುನಳಿಕೆ ಇಟ್ಟು ಅಂಟಿಸಿದರೆ ಕೂಸು ದೊಡ್ಡ ಆಸ್ಪತ್ರೆಯ ದಾರಿಯಲ್ಲಿ ಬದುಕಿ ಉಳಿಯುತ್ತದೆ. ನನಗೆ ಈ ಕೆಲಸ ಶಸ್ತ್ರಚಿಕಿತ್ಸೆಗಿಂತ ಕಡಿಮೆಯದಲ್ಲ.

ಕೊಪ್ಪಳದಲ್ಲಿ 2015ರಿಂದ ವೈದ್ಯಕೀಯ ಕಾಲೇಜಿದೆ. ಅಲ್ಲಿಂದಾಚೆ ಹುಬ್ಬಳ್ಳಿ, ಬಳ್ಳಾರಿ, ಇಲ್ಲವೇ ಬೆಂಗಳೂರು. ಶಸ್ತ್ರಚಿಕಿತ್ಸೆಗೆ ಮುಖ ಕೊಯ್ಯುವುದಿಲ್ಲ. ಮೂಗಿನ ಮೂಲಕವೇ ಸಪೂರ ಎಂಡೋಸ್ಕೋಪ್ ತೂರಿಸಿ, ಹಿಂದಿನ ಎಲುಬನ್ನು ಕೊರೆದು ದಾರಿ ಬಿಡಿಸುತ್ತಾರೆ. ಕೆಲವರು ಒಳಗೆ ಕೊಳವೆ ಇಟ್ಟು ವಾರಗಟ್ಟಲೆ ಬಿಡುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಇದರಲ್ಲಿ ಇನ್ನೂ ಒಮ್ಮತವಿಲ್ಲ. ಈ ಕೂಸುಗಳಲ್ಲಿ ಕೆಲವಕ್ಕೆ ಹೃದಯ, ಕಣ್ಣು, ಕಿವಿಯಲ್ಲೂ ತೊಂದರೆ ಇರುವುದರಿಂದ ಅವನ್ನೂ ನೋಡಲೇಬೇಕು.

ಒಂದೇ ಕಡೆ ಮುಚ್ಚಿದ್ದರೆ ಬಹಳ ಸಲ ಬೇಗ ಗೊತ್ತಾಗುವುದಿಲ್ಲ. ಗಂಗಾವತಿಯ ಯಾವುದೋ ಅಂಗನವಾಡಿಯಲ್ಲಿ ಒಂದೇ ಹೊಳ್ಳೆಯಿಂದ ಸದಾ ದಪ್ಪ ಸಿಂಬಳ ಸುರಿಸುವ ಮಗು ಕೂತಿರಬಹುದು. ‘ನೆಗಡಿ ರೀ’ ಎಂದು ವರ್ಷಗಟ್ಟಲೆ ಎಣ್ಣೆ ಬಿಡುತ್ತಾರೆ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಂತೂ ಇದ್ದೇ ಇದೆ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ವಕ್ರಪಾದ, ಹುಟ್ಟುಕಿವುಡು ಹೆಸರು ಹಿಡಿದು ಬಂದಿವೆ. ಮುಚ್ಚಿದ ಮೂಗು ಬಂದಿಲ್ಲ. ಅದನ್ನೂ ಸೇರಿಸಬೇಕು.

ಬಿಡಿಸಿದ ದಾರಿ ಮತ್ತೆ ಕೂಡಿಕೊಳ್ಳುವುದುಂಟು. ಉಪ್ಪುನೀರ ಹನಿ ಬಿಡಬೇಕು, ಸಿಂಬಳ ಹೀರಿ ತೆಗೆಯಬೇಕು, ಹೇಳಿದ ದಿನಕ್ಕೆ ತೋರಿಸಬೇಕು. ಕೆಲವಕ್ಕೆ ದಾರಿಯನ್ನು ಮತ್ತೊಮ್ಮೆ ಹಿಗ್ಗಿಸಬೇಕು. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಕಡೆಯ ಕುಟುಂಬಗಳು ಬೆಂಗಳೂರು, ಮಂಗಳೂರಿಗೆ ಗುಳೆ ಹೋಗುತ್ತವೆ. ಬಾಣಂತಿಯೂ ಕೂಸೂ ಜೊತೆಗೇ. ಆಗ ಆ ಮೂಗನ್ನು ನೋಡುವವರು ಯಾರು? ಬಿಡುಗಡೆ ಚೀಟಿಯಲ್ಲಿ ಹುಬ್ಬಳ್ಳಿಯ ತಾರೀಕು ಬರೆದರೆ ಸಾಲದು, ಅವರು ದುಡಿಯಲು ಹೋಗುವ ಊರಿನ ಆಸ್ಪತ್ರೆಯ ಹೆಸರೂ ಬರೆದುಕೊಡಬೇಕು.