ಬರಹದ ಬಂಧ, ಓದಿನ ಹಾದಿ

ತಾಳೆಗರಿಯ ಮೇಲೆ ಬರೆದ ಹಳಗನ್ನಡ ಕೃತಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಪದ್ಯದ ಕೊನೆಯಲ್ಲಿ ಅಲ್ಲೊಂದು ಇಲ್ಲೊಂದು ಗೆರೆಯನ್ನು ಬಿಟ್ಟರೆ ಅಲ್ಪವಿರಾಮವಾಗಲಿ, ಪ್ರಶ್ನಾರ್ಥಕ ಚಿಹ್ನೆಯಾಗಲಿ, ಕಂಡಿಕೆಯಾಗಲಿ ಕಾಣುವುದಿಲ್ಲ. ಗರಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಕ್ಷರಗಳು ಒತ್ತೊತ್ತಾಗಿ ಸಾಗುತ್ತವೆ. ಮುದ್ರಿತ ಪುಟ ಇಂದಿನ ಓದುಗನಿಗೆ ಒದಗಿಸುವ ಯಾವ ಕೈಮರವೂ ಅಲ್ಲಿಲ್ಲ. ಆದರೂ ಶತಮಾನಗಳ ಕಾಲ ಜನ ಅವನ್ನು ಓದಿದರು, ಓದಿಸಿದರು, ಅರ್ಥ ಹೇಳಿದರು. ವಿಚಾರ ಎಲ್ಲಿ ತೊಡಗಿತು, ಎಲ್ಲಿ ತಿರುವು ಪಡೆಯಿತು, ಎಲ್ಲಿ ನೆಲೆ ನಿಂತಿತು ಎಂಬುದನ್ನು ಅವರು ಯಾವುದರ ನೆರವಿನಿಂದ ಅರಿಯುತ್ತಿದ್ದರು? ಈ ಪ್ರಶ್ನೆ ಹಸ್ತಪ್ರತಿಶಾಸ್ತ್ರಕ್ಕೆ ಮಾತ್ರ ಸೇರಿದುದಲ್ಲ. ಬರಹವೊಂದು ತನ್ನ ಆಲೋಚನೆಯನ್ನು ಹೇಗೆ ಅಣಿಗೊಳಿಸುತ್ತದೆ ಎಂಬುದನ್ನು ಗುರುತಿಸುವ ಶಕ್ತಿ ಕನ್ನಡದ ತರಗತಿಗಳಲ್ಲಿ ಇಂದು ಎಷ್ಟು ಉಳಿದಿದೆ ಎಂಬ ಪ್ರಶ್ನೆಯೂ ಇದರೊಳಗೇ ಅಡಗಿದೆ.

ಮೊದಲ ಪ್ರಶ್ನೆಗೆ ಉತ್ತರ ಭಾಷೆಯೊಳಗೇ ಇದೆ. ಹಳಗನ್ನಡ ಗದ್ಯವನ್ನು ಓದುವವನು ‘ಮತ್ತಂ’, ‘ಅಂತು’, ‘ಇಂತು’, ‘ಅನ್ನೆಗಂ’, ‘ಅದೆಂತೆಂದೊಡೆ’ ಮೊದಲಾದ ಪದಗಳನ್ನು ಪುಟಪುಟದಲ್ಲೂ ಕಾಣುತ್ತಾನೆ. ಅರ್ಥಕೋಶದಲ್ಲಿ ಇವುಗಳಿಗೆ ದೊರೆಯುವ ಬೆಲೆ ಅಲ್ಪ. ಆದರೆ ಕಂಡಿಕೆಯಿಲ್ಲದ ಬರಹದಲ್ಲಿ ಕಂಡಿಕೆಯ ಕೆಲಸವನ್ನು ಮಾಡುತ್ತಿದ್ದುದು ಇವೇ. ‘ಮತ್ತಂ’ ಎಂದರೆ ಹೊಸದೊಂದು ಸೇರುತ್ತಿದೆ. ‘ಅಂತು’ ಎಂದರೆ ಹಿಂದಿನದು ಒಟ್ಟುಗೂಡಿತು. ‘ಅನ್ನೆಗಂ’ ಎಂದರೆ ಇದು ನಡೆಯುತ್ತಿರುವಾಗಲೇ ಅತ್ತ ಇನ್ನೊಂದು ನಡೆಯಿತು. ‘ಅದೆಂತೆಂದೊಡೆ’ ಎಂದರೆ ಹೇಳಿದ ಮಾತಿಗೆ ಇನ್ನು ವಿವರಣೆ ಬರಲಿದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಈ ಕ್ರಮ ನಿಚ್ಚಳವಾಗಿದೆ. ಮೊದಲಿಗೆ ಪ್ರಾಕೃತದ ಗಾಹೆ, ಬಳಿಕ ಅದರ ಕನ್ನಡ ಅರ್ಥ, ಆಮೇಲೆ ಅದನ್ನು ಬಿಡಿಸಿ ತೋರುವ ಕಥೆ. ಕಥೆ ಎಷ್ಟೇ ಕವಲೊಡೆದು ಜನ್ಮಾಂತರಗಳಲ್ಲಿ ಅಲೆದರೂ ಅದು ಗಾಹೆಯ ವಿವರಣೆಯೆಂಬುದನ್ನು ಮರೆಯುವಂತಿಲ್ಲ. ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಈ ಕೃತಿಯನ್ನು ಸಂಪಾದಿಸಿ ಹೊರತಂದಾಗ ಓದುಗರಿಗೆ ದೊರೆತ ಅಚ್ಚಿನ ಪುಟದಲ್ಲಿ ಕಂಡಿಕೆಗಳಿದ್ದವು, ವಿರಾಮಚಿಹ್ನೆಗಳಿದ್ದವು. ಅವೆಲ್ಲ ಸಂಪಾದಕನ ನಿರ್ಣಯಗಳು. ಸಂಪಾದಕ ಅಲ್ಪವಿರಾಮ ಹಾಕುವ ಮುನ್ನ ವಾಕ್ಯದ ನಡೆಯನ್ನು ತಿಳಿದಿರಬೇಕು. ಕಂಡಿಕೆ ಬಿಡಿಸುವ ಮುನ್ನ ವಿಚಾರದ ಗಂಟನ್ನು ಕಂಡಿರಬೇಕು. ಅಚ್ಚಿನ ಪುಟ ಸುಲಭವಾಗಿ ಕಾಣುವುದಕ್ಕೆ ಇನ್ನೊಬ್ಬರು ಮೊದಲೇ ಮಾಡಿಟ್ಟ ಕಷ್ಟದ ಓದು ಕಾರಣ.

ಶಾಸನಗಳ ಬಂಧ ಇನ್ನೂ ಬಿಗಿಯಾದುದು. ಸುಮಾರು ಕ್ರಿ.ಶ. ೪೫೦ರದೆಂದು ಹೇಳಲಾಗುವ ಹಲ್ಮಿಡಿ ಶಾಸನ ಹದಿನಾರೇ ಸಾಲುಗಳದು. ಅಷ್ಟರಲ್ಲೇ ವಿಷ್ಣುವಿನ ಸ್ತುತಿ, ಅರಸನ ಉಲ್ಲೇಖ, ಯುದ್ಧದ ಪ್ರಸಂಗ, ದತ್ತಿ, ಅದನ್ನು ಕೆಡಿಸಿದವನಿಗೆ ತಗಲುವ ಪಾಪದ ಎಚ್ಚರಿಕೆ ಎಲ್ಲವೂ ಇವೆ. ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಈ ಅಂಗಗಳು ಹಿಗ್ಗುತ್ತವೆ: ಮಂಗಳಶ್ಲೋಕ, ವಂಶಾವಳಿ, ಪ್ರಶಸ್ತಿ, ಕಾಲದ ನಿರ್ದೇಶ, ದಾನದ ವಿವರ, ಎಲ್ಲೆಕಟ್ಟು, ಶಾಪಾಶಯ, ಬರೆದವನ ಮತ್ತು ಕಂಡರಿಸಿದವನ ಹೆಸರು. ಒಂದೊಂದು ಅಂಗಕ್ಕೂ ಅದರದೇ ಆದ ಮಾತಿನ ರೀತಿಯಿದೆ. ಪ್ರಶಸ್ತಿಯಲ್ಲಿ ಸಮಾಸಗಳು ಸಾಲುಗಟ್ಟುತ್ತವೆ. ಎಲ್ಲೆಯನ್ನು ಹೇಳುವಾಗ ಮಾತು ಒಮ್ಮೆಲೇ ನೆಲಕ್ಕಿಳಿದು ಕೆರೆ, ಮರ, ಬಂಡೆ, ದಾರಿಗಳನ್ನು ಎಣಿಸುತ್ತದೆ. ಪ್ರಶಸ್ತಿಯಲ್ಲಿ ಅರಸ ಸಮುದ್ರದಿಂದ ಸಮುದ್ರದವರೆಗೆ ಗೆದ್ದಿರಬಹುದು. ಎಲ್ಲೆಕಟ್ಟಿನಲ್ಲಿ ಮಾತ್ರ ಒಂದು ಹುಣಸೆಯ ಮರವನ್ನೂ ಅತ್ತಿತ್ತ ಸರಿಸುವಂತಿಲ್ಲ, ಏಕೆಂದರೆ ನಾಳೆ ವ್ಯಾಜ್ಯ ಹುಟ್ಟುವುದು ಅಲ್ಲಿಯೇ. ಈ ವ್ಯತ್ಯಾಸವನ್ನು ಗುರುತಿಸದೆ ಪ್ರಶಸ್ತಿಯ ಮಾತನ್ನು ಎಲ್ಲೆಯ ಮಾತಿನಂತೆ ನಂಬುವ ಸಂಶೋಧಕ ಇತಿಹಾಸವನ್ನು ಕೆಡಿಸುತ್ತಾನೆ. ಪ್ರಶಸ್ತಿಯೆಲ್ಲ ಬರಿಯ ಹೊಗಳಿಕೆ ಎಂದು ಬದಿಗೆ ಸರಿಸುವವನು ಆ ಕಾಲ ತನ್ನ ಅರಸನಲ್ಲಿ ಏನನ್ನು ಬಯಸಿತ್ತು ಎಂಬ ಸಾಕ್ಷ್ಯವನ್ನೇ ಕಳೆದುಕೊಳ್ಳುತ್ತಾನೆ. ವೀರಗಲ್ಲಿನ ಶಿಲ್ಪಪಟ್ಟಿಕೆಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ದೇವಕನ್ನೆಯರೊಡನೆ ವೀರನ ಪಯಣ, ಮೇಲೆ ದೇವಸಾನ್ನಿಧ್ಯ. ಮೇಲಿನಿಂದ ನೋಡತೊಡಗಿದವನಿಗೆ ಅದೇ ಕಲ್ಲು ಸ್ವರ್ಗದಿಂದ ಬಿದ್ದವನ ಕಥೆಯನ್ನು ಹೇಳೀತು. ಕಲ್ಲು ಸುಳ್ಳಾಡಲಿಲ್ಲ, ನೋಡಿದವನು ಕ್ರಮವನ್ನು ತಿಳಿಯಲಿಲ್ಲ, ಅಷ್ಟೆ.

ಶಾಸ್ತ್ರಗ್ರಂಥಗಳಿಗೆ ಬಂದರೆ, ಬರಹದ ಬಂಧವನ್ನೇ ವಿಚಾರಕ್ಕೆ ಎತ್ತಿಕೊಂಡ ಪರಂಪರೆಯೊಂದು ಭಾರತದಲ್ಲಿ ಬಹು ಹಿಂದೆಯೇ ಬೆಳೆದಿದ್ದುದು ಕಾಣುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಕೊನೆಯ ಅಧಿಕರಣ ಮೂವತ್ತೆರಡು ತಂತ್ರಯುಕ್ತಿಗಳನ್ನು ಪಟ್ಟಿಮಾಡಿ, ಅವುಗಳಿಗೆ ಅದೇ ಗ್ರಂಥದಿಂದ ಉದಾಹರಣೆ ಕೊಡುತ್ತದೆ. ಚರಕಸಂಹಿತೆಯಲ್ಲಿ ಈ ಸಂಖ್ಯೆ ಮೂವತ್ತಾರು. ಗ್ರಂಥವೊಂದು ತನ್ನ ಕಟ್ಟಡದ ನಕ್ಷೆಯನ್ನು ತಾನೇ ಓದುಗನ ಕೈಗಿಡುವ ಅಪರೂಪದ ಪ್ರಸಂಗವಿದು. ಮೀಮಾಂಸಕರು ಒಂದು ಪ್ರಕರಣದ ತಾತ್ಪರ್ಯವನ್ನು ನಿರ್ಣಯಿಸಲು ಆರು ಲಿಂಗಗಳನ್ನು ಹೇಳಿದರು: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಮೊದಲೂ ಕೊನೆಯೂ ಒಂದಕ್ಕೊಂದು ಹೊಂದುತ್ತವೆಯೇ, ಯಾವುದು ಮತ್ತೆಮತ್ತೆ ಬರುತ್ತದೆ, ಬೇರೆಡೆ ದೊರೆಯದ ಯಾವುದನ್ನು ಇಲ್ಲಿ ಹೇಳಲಾಗಿದೆ, ಅದರಿಂದ ಆಗುವ ಪ್ರಯೋಜನವೇನು, ಯಾವುದು ಬರಿಯ ಸ್ತುತಿ ಅಥವಾ ನಿಂದೆ, ಯಾವುದಕ್ಕೆ ಯುಕ್ತಿಯ ಬೆಂಬಲವಿದೆ ಎಂದು ಕೇಳಿಕೊಳ್ಳುವ ಈ ಆರು ಪ್ರಶ್ನೆಗಳು ವೇದವಾಕ್ಯಕ್ಕಷ್ಟೇ ಅಲ್ಲ, ಇಂದಿನ ವೈಚಾರಿಕ ಲೇಖನಕ್ಕೂ ಸಲ್ಲುತ್ತವೆ. ವಾದಗ್ರಂಥಗಳಲ್ಲಿ ಪೂರ್ವಪಕ್ಷಕ್ಕೆ ಪೂರ್ಣ ಬಲ ಕೊಟ್ಟು ಮಂಡಿಸುವುದು ಕರ್ತೃವಿನ ಪ್ರಾಮಾಣಿಕತೆಯ ಲಕ್ಷಣ. ಅದನ್ನೇ ಸಿದ್ಧಾಂತವೆಂದು ಉದ್ಧರಿಸುವುದು ಓದುಗನ ಅವಸರದ ಲಕ್ಷಣ.

ಕನ್ನಡದ ಮೊದಲ ಲಕ್ಷಣಗ್ರಂಥಗಳೂ ಈ ದೃಷ್ಟಿಯಿಂದ ಮರುಓದಿಗೆ ತಕ್ಕವು. ಕೇಶಿರಾಜನ ಶಬ್ದಮಣಿದರ್ಪಣ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಎಂಟು ಪ್ರಕರಣಗಳಲ್ಲಿ ಹರಡಿದೆ. ಪ್ರತಿಯೊಂದು ವಿಷಯಕ್ಕೂ ಕಂದಪದ್ಯದಲ್ಲಿ ಸೂತ್ರ, ಗದ್ಯದಲ್ಲಿ ವೃತ್ತಿ, ಆಮೇಲೆ ಪ್ರಯೋಗ. ಸೂತ್ರ ನಿಯಮವನ್ನು ಹೇಳುತ್ತದೆ, ವೃತ್ತಿ ಅದನ್ನು ಬಿಡಿಸುತ್ತದೆ, ಪ್ರಯೋಗ ಪೂರ್ವಕವಿಗಳ ಸಾಕ್ಷಿಯನ್ನು ತಂದು ನಿಲ್ಲಿಸುತ್ತದೆ. ವಿದ್ಯಾರ್ಥಿಯು ಪರೀಕ್ಷೆಗೆ ಸೂತ್ರವನ್ನು ಬಾಯಿಪಾಠ ಮಾಡಿ ಪ್ರಯೋಗವನ್ನು ಬಿಟ್ಟುಬಿಡುತ್ತಾನೆ. ಹಾಗೆ ಬಿಟ್ಟಾಗ ಕೇಶಿರಾಜ ಆಜ್ಞೆ ಹೊರಡಿಸುವ ಅಧಿಕಾರಿಯಂತೆ ಕಾಣತೊಡಗುತ್ತಾನೆ. ಮೂರನ್ನೂ ಸೇರಿಸಿ ಓದಿದಾಗ ಕವಿಗಳ ನುಡಿಯನ್ನು ಕೇಳಿ ನಿಯಮವನ್ನು ಕಂಡುಕೊಂಡ ವೈಯಾಕರಣನ ಮುಖ ಕಾಣುತ್ತದೆ. ಗ್ರಂಥದ ಬಂಧವನ್ನು ಕಡೆಗಣಿಸಿದರೆ ಗ್ರಂಥಕಾರನ ಸ್ವಭಾವವೇ ಮಾರ್ಪಟ್ಟುಬಿಡುತ್ತದೆ.

ಕವಿರಾಜಮಾರ್ಗದ ವಿಷಯದಲ್ಲಿ ಇದರ ಪರಿಣಾಮ ಇನ್ನೂ ದೊಡ್ಡದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನೂ ಆ ನಾಡವರ ಕಾವ್ಯಪರಿಣತಿಯನ್ನೂ ಹೇಳುವ ಪದ್ಯಗಳು ಇಂದು ವೇದಿಕೆಗಳಲ್ಲಿ, ಆಹ್ವಾನಪತ್ರಿಕೆಗಳಲ್ಲಿ, ಗೋಡೆಬರಹಗಳಲ್ಲಿ ಬಿಡಿಬಿಡಿಯಾಗಿ ಬಾಳುತ್ತಿವೆ. ಅವು ಬರುವುದು ಪ್ರಥಮ ಪರಿಚ್ಛೇದದಲ್ಲಿ. ಆ ಪರಿಚ್ಛೇದದ ವಿಷಯ ನಾಡಿನ ಸ್ತುತಿಯಲ್ಲ, ಕಾವ್ಯದ ದೋಷ ಮತ್ತು ಅದೋಷಗಳ ನಿರ್ಣಯ. ಎರಡನೆಯದರಲ್ಲಿ ಶಬ್ದಾಲಂಕಾರ, ಮೂರನೆಯದರಲ್ಲಿ ಅರ್ಥಾಲಂಕಾರ ಬರುತ್ತವೆ. ಹೀಗಿರುವಾಗ ನಾಡಿನ ಎಲ್ಲೆಯೂ ಜನರ ಜಾಣ್ಮೆಯೂ ದೋಷವಿಚಾರದ ನಡುವೆ ಏಕೆ ಬಂದವು ಎಂದು ಕೇಳಿಕೊಳ್ಳಬೇಕಾಗುತ್ತದೆ. ಯಾವ ನಾಡಿನ ನುಡಿಯನ್ನು ಕುರಿತು ಲಕ್ಷಣ ಹೇಳಲಾಗುತ್ತಿದೆ ಎಂಬುದು ನಿಶ್ಚಯವಾಗದೆ ದೋಷ ಯಾವುದೆಂದು ಹೇಳಲಾಗದು. ಕೇಳುವ ಜನ ವಿವೇಕಿಗಳಲ್ಲದಿದ್ದರೆ ಕವಿ ದೋಷಕ್ಕೆ ಅಂಜಬೇಕಾದುದೂ ಇಲ್ಲ. ಈ ಬೆಳಕಿನಲ್ಲಿ ಆ ಪ್ರಸಿದ್ಧ ಪದ್ಯಗಳು ಹೆಮ್ಮೆಯ ಘೋಷಣೆಗಳಷ್ಟೇ ಆಗಿ ಉಳಿಯದೆ, ಕವಿಗೆ ಕೊಟ್ಟ ಎಚ್ಚರಿಕೆಗಳಾಗಿಯೂ ಕೇಳಿಸುತ್ತವೆ. ಇಂಥ ನಾಡಿನಲ್ಲಿ, ಇಂಥ ಜನರ ಎದುರಿನಲ್ಲಿ ಬರೆಯುವವನು ಎಚ್ಚರದಿಂದ ಬರೆಯಬೇಕು ಎಂಬುದು ವಾದದ ನಡೆ. ಹೆಮ್ಮೆ ಇದರಿಂದ ಕುಂದುವುದಿಲ್ಲ. ಅದಕ್ಕೆ ಹೊಣೆಗಾರಿಕೆ ಸೇರುತ್ತದೆ.

ವಚನಗಳಲ್ಲಿ ಸಮಸ್ಯೆ ಇಮ್ಮಡಿಯಾಗುತ್ತದೆ, ಏಕೆಂದರೆ ಅಲ್ಲಿ ಎರಡು ಬಂಧಗಳು ಒಂದರ ಮೇಲೊಂದು ಕುಳಿತಿವೆ. ಬಿಡಿ ವಚನಕ್ಕೆ ತನ್ನದೇ ನಡೆಯುಂಟು: ಅನೇಕ ವೇಳೆ ಒಂದೆರಡು ದೃಷ್ಟಾಂತಗಳು ಸಾಲಾಗಿ ಬಂದು, ಅವುಗಳ ಎದುರಿಗೆ ಒಂದು ನಿಲುವು ನಿಂತು, ಅಂಕಿತದಲ್ಲಿ ಮಾತು ನೆಲೆಗೊಳ್ಳುತ್ತದೆ. ಇದು ವಚನಕಾರನ ಬಂಧ. ಆದರೆ ವಚನಗಳನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ ಜೋಡಿಸಿದ್ದು ಬಹುಮಟ್ಟಿಗೆ ನಂತರದ ಸಂಕಲನಕಾರರ ಬಂಧ. ಹದಿನೈದನೆಯ ಶತಮಾನದಲ್ಲಿ ಮೈದಾಳಿದ ಶೂನ್ಯಸಂಪಾದನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹನ್ನೆರಡನೆಯ ಶತಮಾನದ ಬಿಡಿ ವಚನಗಳನ್ನು ಪ್ರಶ್ನೋತ್ತರಗಳಾಗಿ ಹೆಣೆದು, ನಡುವೆ ಗದ್ಯದ ಬೆಸುಗೆ ಹಾಕಿತು. ಅಲ್ಲಿ ಅಲ್ಲಮ ಅಕ್ಕಮಹಾದೇವಿಯನ್ನು ಪರೀಕ್ಷಿಸುವಾಗ ಆಡುವ ಮಾತು ಅವಳ ಉತ್ತರವನ್ನು ಹೊರಡಿಸಲೆಂದು ಇಟ್ಟ ಮಾತು. ಅದನ್ನು ಸಂದರ್ಭದಿಂದ ಕಿತ್ತು ಹೆಣ್ಣಿನ ಬಗೆಗೆ ಅಲ್ಲಮನ ತೀರ್ಮಾನವೆಂದು ಉದ್ಧರಿಸಿದರೆ ಅವನಿಗೂ ಅನ್ಯಾಯ, ಅವಳಿಗೂ ಅನ್ಯಾಯ. ಇದಕ್ಕೆ ವಿರುದ್ಧವಾಗಿ, ಸಂಪಾದನೆಯ ಸಂವಾದವನ್ನೇ ಹನ್ನೆರಡನೆಯ ಶತಮಾನದಲ್ಲಿ ನಡೆದ ಮಾತುಕತೆಯ ವರದಿಯೆಂದು ತೆಗೆದುಕೊಂಡರೆ ಸಂಪಾದನಕಾರನ ಪ್ರತಿಭೆಗೆ ಅನ್ಯಾಯ. ಯಾರ ಮಾತು, ಯಾರ ಜೋಡಣೆ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳದ ವಚನಸಂಶೋಧನೆ ಎಷ್ಟೇ ಉದ್ಧರಣೆಗಳನ್ನು ಹೊತ್ತಿದ್ದರೂ ಬುನಾದಿಯಿಲ್ಲದ್ದು.

ಬಂಧವನ್ನು ಗುರುತಿಸುವುದಕ್ಕೂ ಬಂಧವನ್ನು ಹೇರುವುದಕ್ಕೂ ಅಂತರವಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಅಷ್ಟಾದಶ ವರ್ಣನೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಹಾಕಾವ್ಯದಲ್ಲಿ ಸೂರ್ಯೋದಯ ಬಂತೇ, ಜಲಕ್ರೀಡೆ ಬಂತೇ ಎಂದು ಗುರುತು ಹಾಕುತ್ತ ಹೋಗುವುದು ಕಾವ್ಯದ ಓದಲ್ಲ, ಸಾಮಾನಿನ ಲೆಕ್ಕ. ಪಂಪನ ವಿಕ್ರಮಾರ್ಜುನ ವಿಜಯದ ಉಪಕ್ರಮೋಪಸಂಹಾರಗಳನ್ನು ನೋಡಿದರೆ ಅದರ ಬಂಧ ಸ್ಪಷ್ಟವೇ ಆಗಿದೆ. ಆಶ್ರಯದಾತನಾದ ಅರಿಕೇಸರಿಯ ವಂಶಕಥನದಿಂದ ತೊಡಗಿ, ಅವನೊಡನೆ ಒಂದಾದ ಅರ್ಜುನ ಸುಭದ್ರೆಯೊಡನೆ ಪಟ್ಟವೇರುವಲ್ಲಿಗೆ ಹದಿನಾಲ್ಕು ಆಶ್ವಾಸಗಳ ಕಾವ್ಯ ಮುಗಿಯುತ್ತದೆ. ಆದರೆ ಹನ್ನೆರಡನೆಯ ಆಶ್ವಾಸದಲ್ಲಿ ಕರ್ಣ ಬಿದ್ದಾಗ ಕವಿಯ ಮನಸ್ಸು ಈ ನಕ್ಷೆಯನ್ನು ಮೀರಿ ಹೋಗುತ್ತದೆ. ಕೃತಿಯ ವ್ಯವಸ್ಥೆ ಅರ್ಜುನನ ಕಡೆಗೆ ನಡೆಯುತ್ತಿದ್ದರೆ ಅದರ ಎದೆ ಕರ್ಣನ ಕಡೆಗೆ ತಿರುಗುತ್ತದೆ. ಬಂಧವನ್ನು ಅರಿಯದವನಿಗೆ ಇದು ಒಂದು ಒಳ್ಳೆಯ ಪದ್ಯ ಮಾತ್ರ. ಬಂಧವನ್ನು ಹೇರುವವನಿಗೆ ಇದು ಒಂದು ಅಪವಾದ. ಬಂಧವನ್ನು ಬಲ್ಲವನಿಗೆ ಮಾತ್ರ ಅಲ್ಲಿಯ ಸೆಳೆತದ ಬಿಗಿ ಅನುಭವಕ್ಕೆ ಬರುತ್ತದೆ. ಗೆರೆ ಎಲ್ಲಿದೆಯೆಂದು ತಿಳಿದವನಿಗಲ್ಲವೇ ಕವಿ ಗೆರೆ ದಾಟಿದ ಗಳಿಗೆ ಕಾಣುವುದು?

ಈ ಮಾತುಗಳಿಗೆಲ್ಲ ತರಗತಿಯೇ ಒರೆಗಲ್ಲು. ಮಾರ್ಗದರ್ಶಿಗಳ, ಟಿಪ್ಪಣಿಗಳ, ಈಚೆಗೆ ಯಂತ್ರಗಳೇ ಒದಗಿಸುವ ಸಾರಾಂಶಗಳ ಕಾಲದಲ್ಲಿ ವಿದ್ಯಾರ್ಥಿಗೆ ಪಾಠದ ‘ವಿಷಯ’ ಬಹು ಅಗ್ಗವಾಗಿ ದೊರೆಯುತ್ತದೆ. ಲೇಖಕ ಏನು ಹೇಳಿದ್ದಾನೆ ಎಂಬ ಪ್ರಶ್ನೆಗೆ ಅವನು ಐದು ಅಂಶಗಳನ್ನು ಬರೆಯಬಲ್ಲ. ಮೂರನೆಯ ಅಂಶ ಎರಡನೆಯದಾದ ಮೇಲೆಯೇ ಏಕೆ ಬಂತು, ನಡುವೆ ಬಂದ ‘ಆದರೆ’ ಯಾವುದನ್ನು ಅಲ್ಲಗಳೆಯಿತು, ಯಾವುದನ್ನು ಉಳಿಸಿಕೊಂಡಿತು ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಸಾರಾಂಶದಲ್ಲಿ ಮೊದಲು ಕಳೆದುಹೋಗುವುದು ಈ ‘ಆದರೆ’ಯೇ. ವಿಚಾರ ಹುಟ್ಟಿ ಬೆಳೆದ ಬಗೆಯನ್ನು ಕಾಣದವನು ಅದನ್ನು ಒಪ್ಪಬಹುದು ಅಥವಾ ತಿರಸ್ಕರಿಸಬಹುದು; ಅದರೊಡನೆ ವಾದಿಸಲಾರ. ಅಂಥವನ ಎದುರಿಗೆ ಬಿಡಿ ಉದ್ಧರಣೆಯೊಂದನ್ನು ಹಿಡಿದರೆ ಅವನನ್ನು ಯಾವ ಕಡೆಗಾದರೂ ತಿರುಗಿಸಬಹುದು. ಪಠ್ಯದ ಬಂಧವನ್ನು ಕಾಣಿಸಿಕೊಡುವ ಅಧ್ಯಾಪಕ ಆದುದರಿಂದ ಪರೀಕ್ಷೆಗೆ ಬೇಕಾದ ಕೌಶಲವೊಂದನ್ನಷ್ಟೇ ಕಲಿಸುತ್ತಿಲ್ಲ. ಮೋಸಹೋಗದ ಓದುಗನೊಬ್ಬನನ್ನು ಸಿದ್ಧಗೊಳಿಸುತ್ತಿದ್ದಾನೆ.

ಇದಕ್ಕೆ ಹೊಸ ಸಿದ್ಧಾಂತಗಳ ನೆರವು ಬೇಕೇಬೇಕೆಂದಿಲ್ಲ. ಒಂದು ಗದ್ಯಭಾಗದ ಕಂಡಿಕೆಗಳನ್ನು ಕೂಡಿಸಿ ತೆರಪಿಲ್ಲದಂತೆ ಬರೆದುಕೊಟ್ಟು, ಎಲ್ಲೆಲ್ಲಿ ಬಿಡಿಸಬೇಕೆಂದು ಕೇಳಿದರೆ ಸಾಕು. ಒಬ್ಬ ವಿದ್ಯಾರ್ಥಿ ಬಿಡಿಸಿದ ಕಡೆ ಇನ್ನೊಬ್ಬ ಬಿಡಿಸುವುದಿಲ್ಲ. ಅಲ್ಲಿಂದ ಚರ್ಚೆ ಹುಟ್ಟುತ್ತದೆ. ತನ್ನ ನಿರ್ಣಯಕ್ಕೆ ಇಬ್ಬರೂ ಪಠ್ಯದೊಳಗಿನಿಂದಲೇ ಕಾರಣ ಕೊಡಬೇಕಾಗುತ್ತದೆ. ತಾಳೆಗರಿಯನ್ನು ಕಾಣದ ತಲೆಮಾರು ಹೀಗೆ ಗರಿಯನ್ನು ಓದಿದವರ ಶ್ರಮದಲ್ಲಿ ಒಂದಿಷ್ಟು ಪಾಲು ಪಡೆಯುತ್ತದೆ. ಬರೆದವನು ಎದುರಿಗಿಲ್ಲ; ತನ್ನ ಮಾತು ಹೀಗಲ್ಲ, ಹಾಗೆ ಎಂದು ತಿದ್ದಲು ಅವನು ಬರಲಾರ. ಅವನ ಪರವಾಗಿ ಉಳಿದಿರುವ ಸಾಕ್ಷಿ ಅವನು ಮಾತುಗಳನ್ನು ಜೋಡಿಸಿದ ಕ್ರಮ ಮಾತ್ರ.