ಒಂದೇ ಸಲ ಕೇಳುವ ಪರೀಕ್ಷೆ

ಮಗಳು ಇಂಗ್ಲಿಷ್ ಪರೀಕ್ಷೆಗೆ ಕೂತರೆ, ಎಸ್ಸೆಸ್ಸೆಲ್ಸಿವರೆಗೆ ಕಲಿತ ತಾಯಿಗೆ ಅಲ್ಲೇನು ಕೆಲಸ ಎಂದು ನೀವು ಕೇಳಬಹುದು. ನಮ್ಮ ಓಣಿಯಲ್ಲಿ ಬಹಳ ಮಂದಿ ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಚಹಾ ಕೊಡುವುದು, ಟಿ.ವಿ. ಸಪ್ಪಳ ಕಡಿಮೆ ಮಾಡುವುದು, ಇಷ್ಟೇ ಎಂದು ಅವರ ಎಣಿಕೆ. ಆದರೆ ಸೋದರಿಯರೇ, ಐಇಎಲ್‌ಟಿಎಸ್ ಎಂಬ ಈ ಪರೀಕ್ಷೆಯಲ್ಲಿ ಓದುವುದು, ಬರೆಯುವುದು, ಮಾತಾಡುವುದರ ಜೊತೆಗೆ ಲಿಸನಿಂಗ್ ಎಂದು ಒಂದು ಭಾಗವಿದೆ. ಬರೀ ಕಿವಿಯ ಕೆಲಸ. ಅದರ ತಯಾರಿಗೆ ಮನೆಯಲ್ಲಿ ಇನ್ನೊಬ್ಬರಿದ್ದರೆ ಬಹಳ ಅನುಕೂಲ. ಆ ಇನ್ನೊಬ್ಬರು ಪಂಡಿತರೇ ಆಗಬೇಕಿಲ್ಲ. ಎ ಬಿ ಸಿ ಡಿ ಬರಬೇಕು, ಒಂದರಿಂದ ನೂರರವರೆಗೆ ಇಂಗ್ಲಿಷಿನಲ್ಲಿ ಎಣಿಸಲು ಬರಬೇಕು, ಮತ್ತು ಮನಸ್ಸು ಸ್ವಲ್ಪ ಗಟ್ಟಿ ಇರಬೇಕು. ಗಟ್ಟಿ ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ನನ್ನ ತವರುಮನೆ ಮುದ್ದೇಬಿಹಾಳ, ಕೊಟ್ಟದ್ದು ಸಿಂದಗಿಗೆ. ನಾದಿನಿ ಇಂಡಿಯಲ್ಲಿ, ತಂಗಿ ಬಸವನ ಬಾಗೇವಾಡಿಯಲ್ಲಿ. ಹಬ್ಬ-ಹುಣ್ಣಿಮೆಗೆ ಎಲ್ಲರೂ ಕೂಡಿದಾಗ ಮೊದಲೆಲ್ಲ ಮಳೆ, ತೊಗರಿ, ನಿಂಬೆಹಣ್ಣಿನ ದರ ಇವೇ ಮಾತು. ಈಗ ಯಾರ ಮಗಳು ನರ್ಸಿಂಗ್ ಮುಗಿಸಿದಳು, ಯಾರಿಗೆ ಎಷ್ಟು ಬ್ಯಾಂಡ್ ಬಂತು ಎಂಬ ಮಾತೂ ಸೇರಿದೆ. ಈ ಪರೀಕ್ಷೆಯಲ್ಲಿ ಪಾಸು-ಫೇಲು ಇಲ್ಲ, 9ರವರೆಗೆ ಬ್ಯಾಂಡ್ ಕೊಡುತ್ತಾರೆ. ನಮ್ಮ ಅತ್ತೆಯವರಂತೂ ಬ್ಯಾಂಡ್ ಎಂದರೆ ಮದುವೆಯ ಬ್ಯಾಂಡೇ ಎಂದು ತಿಳಿದು, "ಯಾವಾಗ ಬರ್ತದ ಬ್ಯಾಂಡು? ತಾರೀಕ ಗಟ್ಟಿ ಆತೇನು?" ಎಂದು ಕೇಳುತ್ತಿದ್ದರು.

ನನ್ನ ಮಗಳು ವಿಜಯಪುರದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಅಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಇಂಗ್ಲೆಂಡಿನಲ್ಲಿ ನರ್ಸ್ ಆಗಬೇಕೆಂದರೆ ಅಲ್ಲಿಯ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಕೇಳುವುದು, ಓದುವುದು, ಮಾತಾಡುವುದು ಮೂರರಲ್ಲೂ 7 ಬರಬೇಕು, ಬರೆಯುವುದರಲ್ಲಿ ಮಾತ್ರ 6.5 ಬಂದರೂ ನಡೆಯುತ್ತದೆ. ಮೊದಲ ಸಲ ಬರೆದಾಗ ಅವಳಿಗೆ ಉಳಿದವೆಲ್ಲ ಸರಿಯಾಗಿ ಬಂದವು. ಕೇಳುವುದರಲ್ಲಿ 6.5! 40 ಪ್ರಶ್ನೆಗಳಲ್ಲಿ 30ರ ಸುಮಾರು ಸರಿಯಾದರೆ 7 ಬ್ಯಾಂಡ್. ಅಂದರೆ ಅವಳು ಒಂದೋ ಎರಡೋ ಉತ್ತರಕ್ಕೆ ನಿಂತಿದ್ದಳು. 17-18 ಸಾವಿರ ರೂಪಾಯಿ ಫೀ, ಅದು ಅವಳ ಒಂದು ತಿಂಗಳ ಪಗಾರ.

ನಮ್ಮವರು ಬಯ್ಯುವ ಸ್ವಭಾವದವರಲ್ಲ. ಊಟ ಮಾಡಿ ಕೈ ತೊಳೆಯುತ್ತ ಹೇಳಿದರು: "ಇನ್ನೊಂದ್ ಸಲ ಕಟ್ಟೂಣು. ಆಗ್ಲಿಲ್ಲಂದ್ರ ಅದನ್ನ ಅಲ್ಲಿಗೇ ಬಿಟ್ಟು ವರ ನೋಡೂಣು." ಮಗಳು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನಿಜ ಹೇಳಲೇ? ಒಬ್ಬಳೇ ಮಗಳು ಅಷ್ಟು ದೂರ ಹೋಗುವುದು ನನಗೂ ಬೇಕಿರಲಿಲ್ಲ. ಆದರೆ ಒಂದು ಉತ್ತರ ಕಡಿಮೆ ಬಂತೆಂಬ ಕಾರಣಕ್ಕೆ ಅವಳು ನಿಲ್ಲುವುದು ಅದಕ್ಕಿಂತ ಬೇಡವಾಗಿತ್ತು.

ಕಲಿತ ಹುಡುಗಿಗೆ ಕೇಳುವುದು ಯಾಕೆ ಕಷ್ಟವಾಯಿತು? ನಾವು ಕನ್ನಡ ಶಾಲೆಯಲ್ಲಿ ಐದನೆಯ ಈಯತ್ತೆಗೆ ಬಂದ ಮೇಲೆ ಇಂಗ್ಲಿಷ್ ಅಕ್ಷರ ಕಂಡವರು. ಸರಕಾರಿ ಶಾಲೆಗಳಲ್ಲಿ ಒಂದನೆಯ ಈಯತ್ತೆಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ, ನನ್ನ ಮಗಳು ಶಾಲೆಗೆ ಸೇರಿದ ವರ್ಷ. ಆದರೂ ಅವಳು ಕಲಿತದ್ದು ಕಣ್ಣಿನ ಇಂಗ್ಲಿಷ್. ಪುಸ್ತಕದಲ್ಲಿ ಓದಿದಳು, ಪೇಪರಿನಲ್ಲಿ ಬರೆದಳು. ನರ್ಸಿಂಗ್ ಪುಸ್ತಕಗಳೆಲ್ಲ ಇಂಗ್ಲಿಷೇ. ಆದರೆ ವಾರ್ಡಿಗೆ ಹೋದರೆ ಪೇಷಂಟ್ ಮಾತಾಡುವುದು ಕನ್ನಡ, ಹಿಂದಿ, ಅಪರೂಪಕ್ಕೆ ಮರಾಠಿ. ಇಂಗ್ಲಿಷನ್ನು ಅವರ ಬಾಯಿಂದ, ಅವರ ವೇಗದಲ್ಲಿ ಅವಳು ಕೇಳಿದ್ದು ಎಲ್ಲಿ?

ವಿಜಯಪುರದಲ್ಲಿ ಒಂದು ಕೋಚಿಂಗ್ ಕ್ಲಾಸಿಗೂ ಎರಡು ತಿಂಗಳು ಹೋಗಿದ್ದಳು. ಅಲ್ಲಿ ಒಂದೊಂದು ರೆಕಾರ್ಡಿಂಗನ್ನು ಮೂರು ಮೂರು ಸಲ ಹಾಕುತ್ತಿದ್ದರಂತೆ. ಮೂರನೆಯ ಸಲಕ್ಕೆ ಎಲ್ಲರ ಉತ್ತರವೂ ಸರಿ, ಎಲ್ಲರಿಗೂ ಸಂತೋಷ. ಪರೀಕ್ಷೆಯಲ್ಲಿ ಮಾತ್ರ ಅದನ್ನು ಹಾಕುವುದು ಒಂದೇ ಸಲ. ನಮ್ಮ ಗೋಲಗುಂಬಜದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರಳಿ ಕೇಳುತ್ತದೆನ್ನುತ್ತಾರೆ, ನೀವೂ ಶಾಲೆಯ ಟ್ರಿಪ್ಪಿನಲ್ಲಿ ಹೋಗಿ ಕೂಗಿದವರೇ ಇರಬೇಕು. ಈ ಪರೀಕ್ಷೆ ಅದರ ಪೂರಾ ತದ್ವಿರುದ್ಧ. ಅರ್ಧ ತಾಸಿನ ರೆಕಾರ್ಡಿಂಗ್, ನಾಲ್ಕು ಭಾಗ, ಭಾಗಕ್ಕೆ 10 ಪ್ರಶ್ನೆ. ಮೊದಲನೆಯದು ಇಬ್ಬರ ಮಾತು, ರೂಮು ಬುಕ್ ಮಾಡುವಂಥದ್ದು. ಎರಡನೆಯದರಲ್ಲಿ ಒಬ್ಬರೇ ಮಾತಾಡುತ್ತಾರೆ, ಕೆಲವು ಸಲ ನಕಾಶೆ ನೋಡುತ್ತ ಕೇಳಬೇಕಾಗುತ್ತದೆ. ಮೂರನೆಯದು ಕಾಲೇಜಿನವರ ಚರ್ಚೆ. ನಾಲ್ಕನೆಯದು ಪಾಠ, ಅದರಲ್ಲಿ ನಡುವೆ ಬಿಡುವೂ ಇಲ್ಲ.

ಆದ್ದರಿಂದ ನನ್ನ ಕೆಲಸವೇನಾಯಿತೆಂದರೆ, ಮೊಬೈಲು ಹಿಡಿದು ಕೂಡುವುದು. ನಗಬೇಡಿ. ಮೊಬೈಲು ಅವಳ ಕೈಯಲ್ಲಿದ್ದರೆ ಬೆರಳು ತಾನೇ ಹಿಂದಕ್ಕೆ ಒಯ್ಯುತ್ತದೆ. ನೈಟ್ ಡ್ಯೂಟಿ ಮುಗಿಸಿ, ಬಸ್ಸು ಹಿಡಿದು ಸಿಂದಗಿಗೆ ಬಂದು, ಎರಡು ತಾಸು ಮಲಗಿ ಎದ್ದು ಕೂಡುತ್ತಿದ್ದಳು ಪಾಪ. ನಡುವೆ ಒಂದು ತಪ್ಪಿತೆಂದರೆ "ಅವ್ವಾ, ಒಂದss ಸಲ ಹಿಂದ ಒಯ್ಯಬೇ" ಎಂದು ಮುಖ ನೋಡುತ್ತಿದ್ದಳು. ಒಯ್ಯಲಿಲ್ಲ. ಮಗು ಕೈ ಚಾಚಿದಾಗ ಇಲ್ಲವೆನ್ನಲು ತಾಯಿಗೆ ಎಷ್ಟು ಗಟ್ಟಿ ಮನಸ್ಸು ಬೇಕೆಂದು ನಿಮಗೆ ಬೇರೆ ಹೇಳಬೇಕೆ? ಪೂರ್ತಿ ಮುಗಿದು ಉತ್ತರ ತಾಳೆ ನೋಡಿದ ಮೇಲೆ ಮಾತ್ರ, ಅದರ ಮಾತುಗಳ ಪ್ರತಿ ಮುಂದಿಟ್ಟುಕೊಂಡು ಎಷ್ಟು ಸಲವಾದರೂ ಕೇಳಲಿ. ಎಲ್ಲಿ ಕಿವಿ ತಪ್ಪಿತು ಎಂಬುದು ಆಗಲೇ ಗೊತ್ತಾಗುವುದು. ದಿನಕ್ಕೆ ಒಂದು ಭಾಗ, ವಾರಕ್ಕೆ ಒಮ್ಮೆ ಪೂರ್ತಿ ನಾಲ್ಕೂ ಭಾಗ, ಇದಕ್ಕಿಂತ ಹೆಚ್ಚು ನಾವು ಮಾಡಲಿಲ್ಲ.

ತಪ್ಪುಗಳನ್ನು ಒಂದು ವಹಿಯಲ್ಲಿ ಬರೆಸಿದೆ. ಹದಿನೈದು ದಿನಕ್ಕೆ ನೋಡಿದರೆ, ಕಠಿಣ ಶಬ್ದಕ್ಕೆ ಹೋದ ಅಂಕಗಳು ಕೆಲವೇ. ಬಹಳಷ್ಟು ಹೋದದ್ದು ಅಂಕಿ-ಸಂಖ್ಯೆ, ಹೆಸರಿನ ಸ್ಪೆಲ್ಲಿಂಗ್, ಕೊನೆಯ ಒಂದು 'ಎಸ್'. ಥರ್ಟೀನ್ ಮತ್ತು ಥರ್ಟಿ ನಮ್ಮ ಬಾಯಲ್ಲಿ ಹೆಚ್ಚುಕಡಿಮೆ ಒಂದೇ. ಅವರು ಹದಿಮೂರೆನ್ನುವಾಗ ಬಾಲವನ್ನು ಎಳೆಯುತ್ತಾರೆ, ಮೂವತ್ತೆನ್ನುವಾಗ ಮೊದಲಿಗೇ ಒತ್ತು ಕೊಟ್ಟು ಬಾಲ ಮುರಿಯುತ್ತಾರೆ. ಫೋನ್ ನಂಬರಿನಲ್ಲಿ ಸೊನ್ನೆಗೆ ಝೀರೋ ಎನ್ನದೆ 'ಓ' ಎನ್ನುತ್ತಾರೆ. ಇಂಗ್ಲೆಂಡಿನವರು 'ಆರ್' ಅಕ್ಷರವನ್ನು ಬರೀ 'ಆ' ಎಂದುಬಿಡುತ್ತಾರೆ! ಇದು ಮಾತ್ರ ನನ್ನ ಕೈಲಾಗುವ ಕೆಲಸ. ರೊಟ್ಟಿ ಬಡಿಯುತ್ತ ನಾನು ನಂಬರು ಹೇಳುವುದು, ಅವಳು ಬರೆಯುವುದು. ಹಳೆಯ ಡೈರಿಯ ಫೋನ್ ನಂಬರು, ಲೈಟ್ ಬಿಲ್ಲಿನ ಮೀಟರ್ ಸಂಖ್ಯೆ, ಗ್ಯಾಸಿನ ಪುಸ್ತಕ, ಬೀಗರ ಲಗ್ನಪತ್ರಿಕೆಯ ಹೆಸರುಗಳನ್ನು ಒಂದೊಂದೇ ಅಕ್ಷರವಾಗಿ. ಅವಳು ಹಿಂದಿರುಗಿ ಓದಿ ಹೇಳಬೇಕು. ಇದಕ್ಕೆ ಕಾಸು ಖರ್ಚಿಲ್ಲ.

ಮಾತು ಬದಲಿಸುವುದು ಇನ್ನೊಂದು ಮೋಸ. "ಮಂಗಳವಾರ ಬರ್ತೀನಿ" ಎಂದವಳು, "ಅಯ್ಯೋ ಅಲ್ಲ, ಅಂದು ಬೇರೆ ಕೆಲಸವಿದೆ, ಗುರುವಾರ ಮಾಡಿ" ಎನ್ನುತ್ತಾಳೆ. ಮಂಗಳವಾರವೆಂದು ಬರೆದವರ ಅಂಕ ಹೋಯಿತು. ಇದಕ್ಕೆ ನಮ್ಮ ಅತ್ತೆಯವರ ಸಂತೆಯ ಯಾದಿಯೇ ಪಾಠವಾಯಿತು. "ಅರ್ಧ ಕಿಲೋ ಸಕ್ಕರಿ ಬರಿ. ತಡಿ, ಹಬ್ಬ ಬಂತು, ಒಂದ ಕಿಲೋ ಹಾಕು. ಬ್ಯಾಡ ಬ್ಯಾಡ, ಬೆಲ್ಲ ಅದ, ಮುಕ್ಕಾಲು ಸಾಕು." ಅವರ ಯಾದಿ ಬರೆದು ಬರೆದು ಮಗಳು ಜಾಣೆಯಾದಳು. ಮಾತು ಮುಗಿಯುವ ತನಕ ಪೆನ್ನು ಒತ್ತಬಾರದು ಎಂದು ತಾನೇ ಹೇಳಿದಳು.

ನನ್ನ ಅವ್ವ ಮುದ್ದೇಬಿಹಾಳದ ಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಧಾರವಾಡ ಆಕಾಶವಾಣಿಯಲ್ಲಿ ಹೇಳುವ ಅಡುಗೆ ಬರೆದುಕೊಳ್ಳುತ್ತಿದ್ದಳು. ಅದೂ ಒಂದೇ ಸಲ ಹೇಳುವುದು, ತಿರುಗಿ ಕೇಳಲು ಬರುವುದಿಲ್ಲ. ಮೂರನೆಯ ಈಯತ್ತೆ ಓದಿದ ಅವ್ವ ಪೂರ್ತಿ ವಾಕ್ಯ ಎಂದೂ ಬರೆದವಳಲ್ಲ. 'ರವೆ 2, ತುಪ್ಪ 1, ಕೆಂಪಗೆ' ಇಷ್ಟೇ. ಉಳಿದದ್ದು ತಲೆಯಲ್ಲಿ. ಮತ್ತು ಕಾರ್ಯಕ್ರಮ ಶುರುವಾಗುವ ಮೊದಲೇ ಸಾಮಾನಿನ ಹೆಸರುಗಳಿಗೆ ಜಾಗ ಬಿಟ್ಟು ಗೆರೆ ಎಳೆದು ಕೂಡುತ್ತಿದ್ದಳು. ಪರೀಕ್ಷೆಯಲ್ಲೂ ಹಾಗೇ. ಪ್ರತಿ ಭಾಗಕ್ಕೆ ಮೊದಲು ಪ್ರಶ್ನೆ ಓದಿಕೊಳ್ಳಲು ಸ್ವಲ್ಪ ಹೊತ್ತು ಕೊಡುತ್ತಾರೆ. ಆಗಲೇ ಇಲ್ಲಿ ಊರ ಹೆಸರು ಬರಬೇಕು, ಇಲ್ಲಿ ರೊಕ್ಕ ಬರಬೇಕು, ಇಲ್ಲಿ ವಾರ ಎಂದು ಮನಸ್ಸಿನಲ್ಲಿ ಗೆರೆ ಎಳೆದಿಟ್ಟುಕೊಂಡರೆ ಕಿವಿ ಅದನ್ನೇ ಕಾಯುತ್ತದೆ. ಉತ್ತರಗಳು ಸಾಧಾರಣವಾಗಿ ಪ್ರಶ್ನೆಯ ಸರದಿಯಲ್ಲೇ ಬರುತ್ತವೆ, ಅದೊಂದು ಉಪಕಾರ. ಪ್ರಶ್ನೆಯಲ್ಲಿದ್ದ ಶಬ್ದವೇ ಮಾತಿನಲ್ಲಿ ಬಂದೀತೆಂದು ಮಾತ್ರ ಕಾಯಬಾರದು. ಹಾಳೆಯ ಮೇಲೆ 'ಚೀಪ್' ಎಂದಿದ್ದರೆ ಅವರು ಬಾಯಲ್ಲಿ ಬಹಳ ರೊಕ್ಕ ಬೀಳುವುದಿಲ್ಲ ಎಂಬ ಅರ್ಥದ ಮಾತಾಡುತ್ತಾರೆ. 'ಎರಡು ಶಬ್ದಕ್ಕಿಂತ ಹೆಚ್ಚು ಬೇಡ' ಎಂದಿದ್ದಲ್ಲಿ ಮೂರು ಬರೆದರೆ ಉತ್ತರ ಸರಿ ಇದ್ದರೂ ಸೊನ್ನೆ.

ಒಂದು ಉತ್ತರ ತಪ್ಪಿದಾಗ ಮಗಳು ಅದನ್ನೇ ನೆನೆಯುತ್ತ ಕೂತು ಮುಂದಿನ ಮೂರನ್ನೂ ಕಳೆದುಕೊಳ್ಳುತ್ತಿದ್ದಳು. ನಾನೆಂದೆ, "ಹಂಚಿನ ಮ್ಯಾಲ ಒಂದ್ ರೊಟ್ಟಿ ಹೊತ್ತಿತಂದ್ರ ಅದರ ಮಾರಿ ನೋಡ್ಕೋತ ನಿಂದ್ರತೀನೇನು? ತಗದ ಒಗದು ಮುಂದಿಂದ ಹಾಕ್ತೀನಿ. ಇಲ್ಲಾಂದ್ರ ಅದೂ ಹೊತ್ತತದ." ಆಮೇಲೆ ಮನೆಯಲ್ಲಿ ಅದೇ ಮಾತಾಯಿತು. ಒಂದು ತಪ್ಪಿದರೆ "ರೊಟ್ಟಿ ಹೊತ್ತಿತು" ಎಂದು ಮುಂದಕ್ಕೆ ಹೋಗುತ್ತಿದ್ದಳು.

ಉಚ್ಚಾರದ ಮಾತು ಬೇರೆ. ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದವರೆಲ್ಲ ಮಾತಾಡುತ್ತಾರೆ. ಮೈಸೂರಿನ ಕಡೆಯ ಬೀಗರು ಬಂದಾಗ ನಮ್ಮ ಮಾತು ಅವರಿಗೆ ಒಂದು ದಿನ ತಿಳಿಯುವುದಿಲ್ಲ, ಎರಡನೆಯ ದಿನ ನಗುತ್ತಾರೆ, ಮೂರನೆಯ ದಿನ ತಾವೂ "ಛಲೋ" ಎನ್ನತೊಡಗುತ್ತಾರೆ. ಕಿವಿಗೆ ಅಷ್ಟು ದಿನ ಬೇಕಷ್ಟೆ. ಬಿಬಿಸಿಯವರ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಎಂಬ ಕಾರ್ಯಕ್ರಮ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ, ಮಾತಿನ ಪ್ರತಿಯ ಸಮೇತ. ಬಸ್ಸಿನಲ್ಲಿ ಅದನ್ನು ಕೇಳುತ್ತಿದ್ದಳು. ತಂಗಿಯ ಮಗಳು, ಅವಳೂ ನರ್ಸೇ, ಓಇಟಿ ಎಂಬ ಪರೀಕ್ಷೆಗೆ ಓದುತ್ತಿದ್ದಾಳೆ. ಅದು ಆಸ್ಪತ್ರೆಯವರಿಗೆಂದೇ ಇರುವುದು. ಕೇಳುವ ಭಾಗದಲ್ಲಿ 42 ಪ್ರಶ್ನೆ, ರೋಗಿಯ ಮಾತು ಕೇಳಿ ಟಿಪ್ಪಣಿ ತುಂಬುವುದೇ ಅರ್ಧಕ್ಕಿಂತ ಹೆಚ್ಚು. ನರ್ಸುಗಳಿಗೆ ಅದು ಪರಿಚಯದ ಮಾತು ಎನಿಸುತ್ತದೆ. ಆದರೆ ಫೀ ಐಇಎಲ್‌ಟಿಎಸ್‌ಗಿಂತ ಬಹಳ ಹೆಚ್ಚು. ಅಲ್ಲೂ ಕೇಳಿಸುವುದು ಒಂದೇ ಸಲ.

ಎರಡನೆಯ ಸಲ ಬೆಂಗಳೂರಿಗೆ ಅಪ್ಪ-ಮಗಳು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದರು. ಕಂಪ್ಯೂಟರಿನ ಮೇಲೆ ಬರೆಯುವ ಪರೀಕ್ಷೆ, ಕಿವಿಗೆ ಹೆಡ್‌ಫೋನ್, ಕೊನೆಗೆ ಉತ್ತರ ನೋಡಿಕೊಳ್ಳಲು 2 ನಿಮಿಷ. ನಾನು ಕಟ್ಟಿಕೊಟ್ಟದ್ದು ಶೇಂಗಾ ಹೋಳಿಗೆ, ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ. ಐದು ದಿನಕ್ಕೆ ಮೊಬೈಲಿನಲ್ಲಿ ಫಲಿತಾಂಶ ಬಂತು. ಕೇಳುವುದರಲ್ಲಿ 7.5. ಉಳಿದವೂ ಕಡಿಮೆಯಾಗಲಿಲ್ಲ. "ಎರಡ ರೊಟ್ಟಿ ಹೊತ್ತಿದ್ದೂ ಅವ್ವಾ, ಒಗದು ಮುಂದ ಹೋದೆ" ಎಂದಳು. ನಮ್ಮವರು ಪೇಪರಿನಿಂದ ತಲೆ ಎತ್ತದೆ "ಛಲೋ ಆತು" ಎಂದರು. ಪೇಪರು ಮಾತ್ರ ಬಹಳ ಹೊತ್ತು ಅದೇ ಪುಟದಲ್ಲಿತ್ತು.

ಈ ಫಲಿತಾಂಶ ಎರಡು ವರ್ಷ ನಡೆಯುತ್ತದೆ. ಅಷ್ಟರಲ್ಲಿ ಇನ್ನೊಂದು ಕಂಪ್ಯೂಟರ್ ಪರೀಕ್ಷೆ, ಆಮೇಲೆ ಇಂಗ್ಲೆಂಡಿಗೆ ಹೋಗಿ ಕೈಯಿಂದ ಮಾಡಿ ತೋರಿಸುವ ಪರೀಕ್ಷೆ ಮುಗಿಸಬೇಕು. ಕಾಗದಪತ್ರದ ಓಡಾಟ ಶುರುವಾಗಿದೆ. ಅತ್ತೆಯವರು ಮೊಮ್ಮಗಳನ್ನು ಹತ್ತಿರ ಕೂಡಿಸಿಕೊಂಡು, ಅಲ್ಲಿ ಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ ಎಂದು ವಿಚಾರಿಸಿದರು. ಅವಳು ಸಿಗುತ್ತದೆ ಎಂದಳು. ಅವರಿಗೆ ನಂಬಿಕೆ ಬರಲಿಲ್ಲ. ಇಂಡಿಯಿಂದ ನಾದಿನಿ ಫೋನ್ ಮಾಡಿದ್ದಾಳೆ, ಅವಳ ಕಿರಿಯ ಮಗಳದು ನರ್ಸಿಂಗ್ ಕೊನೆಯ ವರ್ಷ. "ವೈನಿ, ರಜಾಕ್ಕ ನಿಮ್ಮಲ್ಲೇ ಕಳಸ್ತೀನಿ, ನೀವಽ ಮೊಬೈಲ ಹಿಡ್ಕೊಂಡ ಕೂಡ್ರಿ" ಎನ್ನುತ್ತಾಳೆ. ಕಳಿಸು ಎಂದಿದ್ದೇನೆ. ಹಳೆಯ ಡೈರಿ ಇನ್ನೂ ಇದೆ, ಮತ್ತು ಅತ್ತೆಯವರ ಸಂತೆಯ ಯಾದಿ ಈ ವಾರವೂ ಮೂರು ಸಲ ಬದಲಾಗಿದೆ.