ಹಾರ್ಡ್‌ಲಿ ವರ್ಕಿಂಗ್ ಅಪ್ಪ

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ನಾಚಿಕೆಯಾಗಿ ಮುಂದೆ ಹಾಕುತ್ತಲೇ ಬಂದಿದ್ದೆ. ಮೊನ್ನೆ ರಾಣೆಬೆನ್ನೂರಿಗೆ ಅಕ್ಕನ ಮನೆಗೆ ಹೋದಾಗ ಅವಳ ಮಗಳು ಕೆದಕಿಬಿಟ್ಟಳು. ಇವತ್ತು ಬರೆದು ಮುಗಿಸಿಬಿಡುತ್ತೇನೆ.

ಒಂಬತ್ತನೇ ಕ್ಲಾಸಿನ ಹುಡುಗಿ. ಇಂಗ್ಲಿಷಿನಲ್ಲಿ ಯಾವುದಾದರೂ ಮಾರುಕಟ್ಟೆಯ ಬಗ್ಗೆ ಒಂದು ಪುಟ ಬರೆದುಕೊಂಡು ಬರೋಕೆ ಹೇಳಿದ್ದರಂತೆ. ಅಜ್ಜನ ಊರು ಬ್ಯಾಡಗಿ ಅಂದಮೇಲೆ ಕೇಳಬೇಕಾ, ಮೆಣಸಿನಕಾಯಿ ಪೇಟೆ ಬಗ್ಗೆಯೇ ಬರೆಯುತ್ತಾ ಕೂತಿದ್ದಳು.

“ಮಾಮಾ, ನಿಧಾನಕ್ಕ ಒಣಗಾಕತ್ತಿರೋ ಮೆಣಸಿನಕಾಯಿ ಅನ್ನಾಕ ‘ಸ್ಲೋಲಿ ಡ್ರೈಯಿಂಗ್ ಚಿಲ್ಲೀಸ್’ ಅಂತ ಬರದೇನಿ. ಅದು ಸರಿ ಅಂತ. ಜಲ್ದಿ ಬೆಳೆಯೋ ಊರು ಅನ್ನಾಕ ‘ಫಾಸ್ಟ್‌ಲಿ ಗ್ರೋಯಿಂಗ್ ಟೌನ್’ ಅಂದ್ರ ತಪ್ಪಂತ. ಒಂದಕ್ಕ ‘ಲಿ’ ಬೇಕು, ಇನ್ನೊಂದಕ್ಕ ಬ್ಯಾಡ. ಯಾಕ?”

ಉತ್ತರ ಹೇಳೋಣ ಅಂತ ಪುಸ್ತಕ ತೆಗೆದುಕೊಂಡೆ. ಕೆಳಗಿನ ಸಾಲು ಕಣ್ಣಿಗೆ ಬಿತ್ತು. ‘ಮೈ ಗ್ರ್ಯಾಂಡ್‌ಫಾದರ್ ವಾಸ್ ಎ ಹಾರ್ಡ್‌ಲಿ ವರ್ಕಿಂಗ್ ಹಮಾಲ್.’

ಒಂದು ನಿಮಿಷ ಮಾತೇ ಹೊರಡಲಿಲ್ಲ. ಹೆಚ್ಚುಕಮ್ಮಿ ಇದೇ ಸಾಲನ್ನು ನಾನೂ ಬರೆದಿದ್ದೆ, 1999ರಲ್ಲಿ. ಗ್ರ್ಯಾಂಡ್‌ಫಾದರ್ ಬದಲು ಫಾದರ್, ಅಷ್ಟೇ ವ್ಯತ್ಯಾಸ. ರಕ್ತ ಸಂಬಂಧ ಅಂದರೆ ಇದೇ ಇರಬೇಕು :)

ಅಪ್ಪ ಬ್ಯಾಡಗಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಆ ಪೇಟೆ ನೋಡಿದವರಿಗೆ ಗೊತ್ತು. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಬಂತೆಂದರೆ ಎಲ್ಲಿ ನೋಡಿದರೂ ಕೆಂಪು ಚೀಲ, ಕೆಂಪು ರಾಶಿ. ಹೊಸಬರು ಒಳಗೆ ಕಾಲಿಡುತ್ತಲೇ ಸೀನು ಶುರು. ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಹೆಸರಾದ ಕಾಯಿ ನಮ್ಮದು. ಡಬ್ಬಿ, ಕಡ್ಡಿ ಅಂತ ಎರಡು ಜಾತಿ. 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಖಾರ ಕಡಿಮೆ ಇರಬಹುದು, ಘಾಟು ಮಾತ್ರ ಕಡಿಮೆಯಿಲ್ಲ. ಅಪ್ಪ ಮನೆಗೆ ಬಂದು ಅಂಗಿ ಝಾಡಿಸಿದರೆ ನಾವೆಲ್ಲ ಕೆಮ್ಮುತ್ತಿದ್ದೆವು. ಅವನು ಮಾತ್ರ ಕೆಮ್ಮುತ್ತಿರಲಿಲ್ಲ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದಿದ್ದು 2007ರಲ್ಲಿ. ನಮಗೆ ಐದನೇ ಕ್ಲಾಸಿಗೆ ಎ, ಬಿ, ಸಿ, ಡಿ. ನಮ್ಮ ಮೇಷ್ಟ್ರು ಧೈರ್ಯ ತುಂಬೋಕೆ ವಿ.ಕೃ. ಗೋಕಾಕರ ಹೆಸರು ಹೇಳುತ್ತಿದ್ದರು. ಇಲ್ಲೇ ಸವಣೂರಲ್ಲಿ ಹುಟ್ಟಿದವರು, ಆಕ್ಸ್‌ಫರ್ಡ್‌ಗೆ ಹೋಗಿ ಓದಿ ಬಂದು ಇಂಗ್ಲಿಷ್ ಕಲಿಸಿದರು, ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು ಅಂತ. ಆಮೇಲೆ ಬೋರ್ಡಿನ ಕಡೆ ತಿರುಗಿ ಒಂದು ಸೂತ್ರ ಬರೆಯುತ್ತಿದ್ದರು. ಕನ್ನಡದಲ್ಲಿ ‘ಆಗಿ’ ಬಂದರೆ ಇಂಗ್ಲಿಷಿನಲ್ಲಿ ‘ಲಿ’. ನಿಧಾನವಾಗಿ ಅಂದರೆ ಸ್ಲೋಲಿ, ಅಚ್ಚುಕಟ್ಟಾಗಿ ಅಂದರೆ ನೀಟ್‌ಲಿ. ನೂರಕ್ಕೆ ತೊಂಬತ್ತು ಸಲ ನಡೆಯುವ ಸೂತ್ರ. ನನಗೆ ಸಿಕ್ಕಿದ್ದು ಉಳಿದ ಹತ್ತರಲ್ಲಿ ಒಂದು.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಹಾವೇರಿಯಲ್ಲಿ ಒಂದು ಕಡೆ ಬಡ ವಿದ್ಯಾರ್ಥಿಗಳಿಗೆ ಓದೋಕೆ ದುಡ್ಡು ಕೊಡುತ್ತಾರೆ ಅಂತ ತಿಳಿಯಿತು. ಮನೆಯ ಪರಿಸ್ಥಿತಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಬರಬೇಕಿತ್ತು. ರಾತ್ರಿ ಕೂತು ಬರೆದೆ. ಹಾರ್ಡ್ ಅಂದರೆ ಕಷ್ಟ, ಹಾಗಾದರೆ ಕಷ್ಟಪಟ್ಟು ಅನ್ನೋಕೆ ಹಾರ್ಡ್‌ಲಿ. ‘ಮೈ ಫಾದರ್ ಈಸ್ ಎ ಹಾರ್ಡ್‌ಲಿ ವರ್ಕಿಂಗ್ ಹಮಾಲ್.’ ಇಡೀ ಪತ್ರದಲ್ಲಿ ನನಗೆ ಅತಿ ಇಷ್ಟವಾದ ಸಾಲು ಅದೇ.

ಕರೆದಿದ್ದು ಒಂದು ಗುರುವಾರ, ಮೇ ತಿಂಗಳು. ಪೇಟೆ ದಿನ ಅಂದರೆ ಅಪ್ಪನಿಗೆ ಕೈತುಂಬ ಕೆಲಸ. ಅದನ್ನು ಬಿಟ್ಟು ನನ್ನ ಜೊತೆ ಬಸ್ ಹತ್ತಿದ. ಒಗೆದ ಧೋತರ ಉಟ್ಟಿದ್ದ. ಅವನು ಬಾಗಿಲ ಹೊರಗೆ ಕೂತ, ನಾನು ಒಳಗೆ ಹೋದೆ. ಮೇಜಿನ ಹಿಂದೆ ಮೂವರಿದ್ದರು. ಒಬ್ಬರು ಆ ಸಾಲನ್ನು ಗಟ್ಟಿಯಾಗಿ ಓದಿದರು. ಮೂವರೂ ನಕ್ಕರು. “ಅಂದ್ರ ನಿಮ್ಮಪ್ಪ ಕೆಲಸಾನ ಮಾಡೂದಿಲ್ಲನ್ನು” ಅಂದರು.

ನನಗೆ ಅರ್ಥವಾಗಲಿಲ್ಲ. ದೊಡ್ಡವರು ನಗುತ್ತಿದ್ದಾರೆ ಅಂತ ನಾನೂ ನಕ್ಕೆ. ಅವರು ನಕ್ಕಿದ್ದು ಯಾವತ್ತೋ ಮರೆತುಹೋಗಿದೆ. ನಾನು ನಕ್ಕಿದ್ದು ಮರೆತಿಲ್ಲ.

ವಾಪಸ್ ಬರುವಾಗ ಮೋಟೆಬೆನ್ನೂರು ಹತ್ತಿರ ಅಪ್ಪ ಕೇಳಿದ. “ತಮ್ಮಾ, ಒಳಗ ಯಾಕ ನಕ್ರು?”

“ನಾ ಏನೋ ತಪ್ಪು ಬರದಿದ್ನಿ.”

“ನನ್ನ ಬಗ್ಗೆ?”

“ಹೂಂ.”

ಮತ್ತೆ ಕೇಳಲಿಲ್ಲ. ದುಡ್ಡು ಸಿಗಲಿಲ್ಲ. ಆ ಸಾಲಿನಿಂದಲೇ ತಪ್ಪಿತು ಅಂತ ಹೇಳಲಾರೆ, ನನ್ನ ಅಂಕವೂ ಅಷ್ಟಕ್ಕಷ್ಟೇ ಇತ್ತು. ಮರುದಿನ ಲೈಬ್ರರಿಗೆ ಹೋಗಿ ನಿಘಂಟು ತೆಗೆದು ನೋಡಿದೆ. ಹಾರ್ಡ್‌ಲಿ ಅಂದರೆ ‘ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ’. ಚೀಲ ಹೊತ್ತು ಹೊತ್ತು ಹೆಗಲು ಜಡ್ಡುಗಟ್ಟಿದ ಮನುಷ್ಯನನ್ನು ಮೈಗಳ್ಳ ಅಂತ ಬರೆದು ಕೊಟ್ಟಿದ್ದೆ. ಅದೂ ಅವನ ಒಂದು ದಿನದ ಕೂಲಿ ಕಳೆದು!

ಆವತ್ತಿನಿಂದ ಈ ‘ಇಂಗ್’ ಹಿಂದೆ ಬಿದ್ದೆ. ವರ್ಷಗಟ್ಟಲೆ ತಿಣುಕಿ ತಿಳಿದುಕೊಂಡದ್ದನ್ನೇ ಮೊನ್ನೆ ಅಕ್ಕನ ಮಗಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ, ಗೊತ್ತಿದ್ದವರು ಮುಂದಕ್ಕೆ ಹೋಗಿ.

ಮೊದಲನೇದು, ಹಾರ್ಡ್, ಫಾಸ್ಟ್ ಇವಕ್ಕೆ ‘ಲಿ’ ಬೇಕಾಗಿಲ್ಲ. ಅವು ಹಾಗೇ ಕ್ರಿಯಾವಿಶೇಷಣಗಳು. ಅದಕ್ಕೇ ಹಾರ್ಡ್ ವರ್ಕಿಂಗ್ ಮ್ಯಾನ್, ಫಾಸ್ಟ್ ಗ್ರೋಯಿಂಗ್ ಟೌನ್, ನಡುವೆ ಒಂದು ಅಡ್ಡಗೀಟು. ಫಾಸ್ಟ್‌ಲಿ ಅನ್ನೋ ಮಾತು ಬಳಕೆಯಲ್ಲಿಲ್ಲ. ಹಾರ್ಡ್‌ಲಿ ಇದೆ, ಆದರೆ ಅದರ ಸಂಸಾರವೇ ಬೇರೆ. ಲೇಟ್ ಅಂದರೆ ತಡ, ಲೇಟ್‌ಲಿ ಅಂದರೆ ಇತ್ತೀಚೆಗೆ. ಹಾಗೆ.

ಎರಡನೇದು, ಗುಡ್ ಲುಕಿಂಗ್. ಇಲ್ಲಿ ‘ವೆಲ್’ ಯಾಕಿಲ್ಲ? ಯಾಕೆಂದರೆ ಗುಡ್ ಅನ್ನೋದು ನೋಡುವ ರೀತಿಯನ್ನಲ್ಲ, ಕಾಣುವ ವಸ್ತುವನ್ನು ಹೇಳುತ್ತದೆ. ಸ್ವೀಟ್ ಸ್ಮೆಲ್ಲಿಂಗ್ ಕೂಡ ಹಾಗೇ. ನಾವೂ ‘ಚಂದ ಕಾಣೋ ಹುಡುಗಿ’ ಅಂತೀವಿ, ‘ಆಗಿ’ ಹಚ್ಚೋದಿಲ್ಲ. ನಮ್ಮ ಬ್ಯಾಡಗಿ ಕಾಯಿಯೂ ಗುಡ್ ಲುಕಿಂಗ್ ಚಿಲ್ಲಿಯೇ ತಾನೇ :)

ಮೂರನೇದು, ಕನ್ನಡದಲ್ಲಿ ನಾಮಪದದ ಹಿಂದೆ ಎಷ್ಟು ಬೇಕಾದರೂ ಹೇರಬಹುದು. ‘ನಿನ್ನೆ ಮಳೆಗೆ ತೊಯ್ದು ಇವತ್ತು ಅಂಗಳದಲ್ಲಿ ನಿಧಾನಕ್ಕೆ ಒಣಗುತ್ತಿರುವ ಮೆಣಸಿನಕಾಯಿ’. ಎಷ್ಟು ಚೀಲ ಹಾಕಿದರೂ ಚಕ್ಕಡಿ ಎಳೆಯುತ್ತದೆ. ಇಂಗ್ಲಿಷ್ ಹಾಗಲ್ಲ. ‘ಸ್ಲೋಲಿ ಡ್ರೈಯಿಂಗ್ ಚಿಲ್ಲೀಸ್’ ವರೆಗೆ ಮುಂದೆ ಇಡುತ್ತದೆ, ಅಂಗಳ, ಮಳೆ ಬಂದವೆಂದರೆ ಎಲ್ಲ ಹಿಂದಕ್ಕೆ: ‘ಚಿಲ್ಲೀಸ್ ಡ್ರೈಯಿಂಗ್ ಸ್ಲೋಲಿ ಇನ್ ದಿ ಯಾರ್ಡ್’.

ನಾಲ್ಕನೇದು ನನಗೆ ತೀರಾ ತಡವಾಗಿ ಹೊಳೆದದ್ದು. ‘ಸ್ಲೋ ಡ್ರೈಯಿಂಗ್ ಪೇಂಟ್’ ಅಂದರೆ ನಿಧಾನಕ್ಕೆ ಒಣಗುವ ಬಣ್ಣ, ಅದರ ಗುಣವೇ ಹಾಗೆ, ಡಬ್ಬದೊಳಗೆ ಇದ್ದಾಗಲೂ ಹಾಗೆ. ‘ಸ್ಲೋಲಿ ಡ್ರೈಯಿಂಗ್ ಪೇಂಟ್’ ಅಂದರೆ ಸಾಮಾನ್ಯವಾಗಿ ಈಗ ಗೋಡೆಯ ಮೇಲೆ ಒಣಗುತ್ತಿರುವ ಬಣ್ಣ. ಕನ್ನಡದಲ್ಲಿ ಈ ವ್ಯತ್ಯಾಸ ಮೊದಲೇ ಇದೆ. ಒಣಗುವ, ಒಣಗುತ್ತಿರುವ. ದುಡಿಯುವ, ದುಡಿಯುತ್ತಿರುವ. ಶಾಲೆಯಲ್ಲಿ ಕೃದಂತ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದನ್ನು ಯಾರಾದರೂ ಇಂಗ್ಲಿಷ್ ಪೀರಿಯಡ್ಡಿಗೆ ಕರೆದುಕೊಂಡು ಬಂದಿದ್ದರೆ ನನಗೆ ಅರ್ಧ ಕಷ್ಟ ಉಳಿಯುತ್ತಿತ್ತು. ಎರಡೂ ಪೀರಿಯಡ್ಡು ಒಂದೇ ಕೋಣೆಯಲ್ಲೇ ನಡೆಯುತ್ತಿದ್ದವು, ಒಂದಕ್ಕೊಂದು ಮುಖ ನೋಡುತ್ತಿರಲಿಲ್ಲ.

ಹುಡುಗಿ ‘ಲಿ’ ಹೊಡೆದುಹಾಕಿ ಅಡ್ಡಗೀಟು ಎಳೆದಳು. ಮರುದಿನ ಅವಳನ್ನು ಕರೆದುಕೊಂಡು ಬ್ಯಾಡಗಿಗೆ ಹೋದೆ. ಅಪ್ಪ ಕಟ್ಟೆ ಮೇಲೆ ಕೂತಿದ್ದ. ಮಂಡಿ ಹೋಗಿ ಹಮಾಲಿ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಸೋಮವಾರ, ಗುರುವಾರ ಪೇಟೆಗೆ ಹೋಗಿ ಕೂತು ಬರುತ್ತಾನೆ. ಹಾವೇರಿಯಲ್ಲಿ ಯಾಕೆ ನಕ್ಕರು ಅನ್ನೋದನ್ನು ಇಪ್ಪತ್ತೈದು ವರ್ಷ ದಾಟಿದ ಮೇಲೆ ಪೂರ್ತಿ ಹೇಳಿದೆ.

ಕೇಳಿ ಸುಮ್ಮನಿದ್ದ. ಆಮೇಲೆ, “ಇಷ್ಟನಾ? ನಾ ಹಮಾಲ ಅಂತ ಬರದಿದ್ದಕ್ಕ ನಕ್ರು ಅಂತ ತಿಳಕೊಂಡಿದ್ನೆಪಾ” ಅಂದ.

ಇಷ್ಟು ವರ್ಷ ಅವನು ಹಾಗಂದುಕೊಂಡೇ ಇದ್ದ. ನನ್ನ ಇಂಗ್ಲಿಷಿಗೆ ನಕ್ಕ ನಗುವನ್ನು ಅವನು ತನ್ನ ಕಸುಬಿನ ಮೇಲೆ ಹೊತ್ತುಕೊಂಡಿದ್ದ. ಆ ಬಸ್ಸಿನಲ್ಲೇ ಎರಡು ಮಾತು ಬಿಡಿಸಿ ಹೇಳಿದ್ದರೆ ಆಗುತ್ತಿತ್ತು, ನನಗೆ ನನ್ನ ನಾಚಿಕೆಯೇ ದೊಡ್ಡದಾಗಿತ್ತು.

ಮೊಮ್ಮಗಳು ತಿದ್ದಿದ ಸಾಲು ಓದಿ ಅರ್ಥ ಹೇಳಿದಳು. “ನಮ್ಮ ಅಜ್ಜ ಕಷ್ಟಪಟ್ಟು ದುಡಿಯುವ ಹಮಾಲ ಆಗಿದ್ದ.”

“ಆಗಿದ್ದ ಅಂತ ಯಾಕ ಬರದೀ?” ಅಂದ ಅಪ್ಪ. “ನಾ ಇನ್ನೂ ಅದೀನಲ್ಲ.”

ಹುಡುಗಿ ನನ್ನ ಮುಖ ನೋಡಿದಳು. ದುಡಿಯುತ್ತಿಲ್ಲ ನಿಜ, ಆದರೆ ದುಡಿಯುವ ಮನುಷ್ಯ ಹೌದಲ್ಲ, ಅಜ್ಜ ಹೇಳಿದ್ದೇ ಸರಿ ಅಂದೆ. ‘ವಾಸ್’ ಹೊಡೆದು ‘ಈಸ್’ ಮಾಡಿದಳು.

ನಿಮಗೂ ಇಂಥದ್ದೇನಾದರೂ ಆಗಿದ್ದರೆ, ಯಾರಿಗೋ ಹೇಳದೆ ಉಳಿದಿದ್ದರೆ, ಹೇಳಿಬಿಡಿ. ಅವರು ಬೇರೆ ಏನೋ ಅಂದುಕೊಂಡಿರಬಹುದು.